ಪಾವ್ಲೊ ಮಾಲ್ದಿನಿ: ಗೋಲಿನ ಲೆಕ್ಕಕ್ಕೆ ಸಿಗದ ಆಟ

ಪ್ರಶ್ನೆ: ಫುಟ್‌ಬಾಲ್ ಪಂದ್ಯಗಳನ್ನು ನಾನು ಕ್ರಮವಾಗಿ ನೋಡಲು ಆರಂಭಿಸಿ ಮೂರು ವರ್ಷಗಳಾದವು. ಇಟಲಿಯ ಪಾವ್ಲೊ ಮಾಲ್ದಿನಿ ಎಲ್ಲ ಕಾಲಕ್ಕೂ ಶ್ರೇಷ್ಠ ಡಿಫೆಂಡರ್ ಎಂಬ ಮಾತನ್ನು ಹಿರಿಯರಿಂದ ಪದೇ ಪದೇ ಕೇಳುತ್ತೇನೆ. ಆದರೆ ಅವರು ಎ.ಸಿ. ಮಿಲಾನ್ ಪರ 902 ಪಂದ್ಯಗಳನ್ನಾಡಿ ಹೊಡೆದದ್ದು 33 ಗೋಲು. ಇಟಲಿ ತಂಡದಲ್ಲಿದ್ದ 14 ವರ್ಷಗಳಲ್ಲಿ ಒಂದು ದೊಡ್ಡ ಟ್ರೋಫಿಯನ್ನೂ ಗೆಲ್ಲಲಿಲ್ಲ. ಹಾಗಿದ್ದರೆ ಅವರ ಹಿರಿಮೆಯನ್ನು ಯಾವ ಅಳತೆಯಿಂದ ಅಳೆಯುತ್ತಾರೆ? ಅವರು ನಿಜವಾಗಿ ಆಡುತ್ತಿದ್ದುದು ಎಡಬದಿಯಲ್ಲೋ, ಮಧ್ಯದಲ್ಲೋ? ಟ್ಯಾಕಲ್, ಅಂದರೆ ಎದುರಾಳಿಯಿಂದ ಚೆಂಡು ಕಸಿಯಲು ಕಾಲು ಹಾಕುವ ಕೆಲಸ, ಮಾಡುವ ಅಗತ್ಯವೇ ಅವರಿಗೆ ಬೀಳುತ್ತಿರಲಿಲ್ಲ ಎನ್ನುವುದು ನಿಜವೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳೂ ಒಂದೇ ಬೇರಿನಿಂದ ಹುಟ್ಟಿದವು. ಸ್ಟ್ರೈಕರ್ ಮಾಡಿದ ಕೆಲಸ ಬಲೆಯೊಳಗೆ ಬಿದ್ದ ಚೆಂಡಿನಲ್ಲಿ ಎಲ್ಲರಿಗೂ ಕಾಣುತ್ತದೆ. ಡಿಫೆಂಡರ್ ಚೆನ್ನಾಗಿ ಆಡಿದ ದಿನ ನಡೆಯುವುದೇ ಬೇರೆ. ಎದುರಾಳಿ ತಂಡದ ಮಿಡ್‌ಫೀಲ್ಡರ್ ಚೆಂಡನ್ನು ಮುಂದಕ್ಕೆ ಕೊಡಬೇಕೆಂದು ತಲೆಯೆತ್ತುತ್ತಾನೆ, ಕೊಡಬೇಕಾದ ದಾರಿಯಲ್ಲಿ ಆಗಲೇ ಯಾರೋ ನಿಂತಿರುತ್ತಾರೆ, ಅವನು ಮನಸ್ಸು ಬದಲಿಸಿ ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ. ಈ ಹಿಂದಕ್ಕೆ ತಳ್ಳಿದ ಚೆಂಡು ಯಾವ ಪಟ್ಟಿಯಲ್ಲೂ ಡಿಫೆಂಡರ್‌ನ ಹೆಸರಿಗೆ ಜಮೆಯಾಗುವುದಿಲ್ಲ. ಮಾಲ್ದಿನಿ ಇಂಥ ಕೆಲಸವನ್ನು ಮಿಲಾನ್‌ನ ಹಿರಿಯರ ತಂಡದಲ್ಲಿ 25 ಋತುಗಳ ಕಾಲ ಮಾಡಿದರು. ಮೊದಲು ಎಡಬದಿಯಲ್ಲಿ, ಆಮೇಲೆ ಮಧ್ಯದಲ್ಲಿ, ಬೇರೆ ಬೇರೆ ಕೋಚ್‌ಗಳ ಬೇರೆ ಬೇರೆ ಪದ್ಧತಿಗಳಲ್ಲಿ ಮಾಡಿದರು. ಆಟದ ನಿಯಮಗಳು ಬದಲಾದಾಗಲೂ, ಸ್ವಂತ ದೇಹ ಬದಲಾದಾಗಲೂ ಅವರ ಮಟ್ಟ ಇಳಿಯಲಿಲ್ಲ. ಅವರ ಹಿರಿಮೆ ಇರುವುದು ಇದರಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾಲ್ದಿನಿ ಹುಟ್ಟಿದ್ದು 1968ರ ಜೂನ್ 26ರಂದು, ಮಿಲಾನ್ ನಗರದಲ್ಲಿ. ತಂದೆ ಚೆಸಾರೆ ಮಾಲ್ದಿನಿ ಅದೇ ಕ್ಲಬ್‌ನ ಡಿಫೆಂಡರ್ ಆಗಿದ್ದವರು. 1963ರಲ್ಲಿ ಲಂಡನ್ನಿನ ವೆಂಬ್ಲಿ ಅಂಗಳದಲ್ಲಿ ಬೆನ್‌ಫಿಕಾ ತಂಡವನ್ನು 2–1ರಿಂದ ಸೋಲಿಸಿ ಮಿಲಾನ್ ಮೊದಲ ಬಾರಿ ಯುರೋಪಿಯನ್ ಕಪ್ (ಯುರೋಪಿನ ಕ್ಲಬ್‌ಗಳ ಅತ್ಯುನ್ನತ ಟೂರ್ನಿ, ಇಂದಿನ ಚಾಂಪಿಯನ್ಸ್ ಲೀಗ್) ಗೆದ್ದಾಗ ನಾಯಕರಾಗಿದ್ದವರು. ಇಷ್ಟು ದೊಡ್ಡ ಹೆಸರಿನ ಮನೆಯಿಂದ ಬಂದ ಹುಡುಗನ ಮೇಲೆ ತಂದೆಯ ಕೃಪೆಯಿಂದ ಬಂದವನೆಂಬ ಅನುಮಾನ ಬೀಳುವುದು ಎಲ್ಲ ಊರಿನಲ್ಲೂ ಸಹಜ. ಆ ಅನುಮಾನ ಬಹಳ ದಿನ ಉಳಿಯಲಿಲ್ಲ. 1985ರ ಜನವರಿ 20ರಂದು ಇಟಲಿಯ ಉದಿನೆ ನಗರದಲ್ಲಿ ನಡೆದ ಲೀಗ್ ಪಂದ್ಯದ ವಿರಾಮದ ವೇಳೆಗೆ ಸೆರ್ಜಿಯೊ ಬತ್ತಿಸ್ತಿನಿ ಅವರ ಬದಲಿಗೆ 16 ವರ್ಷದ ಪಾವ್ಲೊ ಅವರನ್ನು ಕೋಚ್ ನಿಲ್ಸ್ ಲೀಡ್‌ಹೋಮ್ ಅಂಗಳಕ್ಕೆ ಇಳಿಸಿದರು. ಲೀಡ್‌ಹೋಮ್ ಸ್ವೀಡನ್ನಿನವರು, ಹಿಂದೆ ಚೆಸಾರೆ ಅವರ ಜೊತೆಯಲ್ಲಿ ಮಿಲಾನ್‌ಗೆ ಆಡಿದವರು. ಪಂದ್ಯ 1–1ರಲ್ಲಿ ಮುಗಿಯಿತು. ಆ ಋತುವಿನಲ್ಲಿ ಅವರು ಆಡಿದ ಲೀಗ್ ಪಂದ್ಯ ಅದೊಂದೇ. ಮುಂದಿನ ಋತುವಿನಿಂದ ಅವರ ಜಾಗ ಕಾಯಂ ಆಯಿತು.

ಅವರನ್ನು ರೂಪಿಸಿದ ನಿಜವಾದ ಶಾಲೆ ಆರಂಭವಾದದ್ದು 1987ರಲ್ಲಿ, ಆರಿಗೊ ಸಾಕಿ ಕೋಚ್ ಆಗಿ ಬಂದ ಮೇಲೆ. ಅಲ್ಲಿಯವರೆಗೆ ಇಟಲಿಯ ರಕ್ಷಣೆಯೆಂದರೆ ಪ್ರತಿಯೊಬ್ಬ ಡಿಫೆಂಡರ್‌ಗೂ ಒಬ್ಬ ಎದುರಾಳಿಯನ್ನು ಗೊತ್ತುಮಾಡಿ, ಅವನು ಹೋದಲ್ಲೆಲ್ಲ ಬೆನ್ನು ಹತ್ತಿಸುವುದು, ಅವರೆಲ್ಲರ ಹಿಂದೆ ಸಂದು ಮುಚ್ಚಲು ಒಬ್ಬನನ್ನು ಬಿಡಿಯಾಗಿ ನಿಲ್ಲಿಸುವುದು ಎಂದಾಗಿತ್ತು. ಸಾಕಿ ಆ ಪದ್ಧತಿಯನ್ನು ಕೈಬಿಟ್ಟರು. ನಾಲ್ವರು ಡಿಫೆಂಡರ್‌ಗಳು ಒಂದೇ ಸಾಲಿನಲ್ಲಿ ನಿಂತು, ಚೆಂಡು ಎಲ್ಲಿದೆ, ಪಕ್ಕದವನು ಎಲ್ಲಿದ್ದಾನೆ ಎಂಬುದನ್ನು ನೋಡಿ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ, ಒಟ್ಟಿಗೆ ಪಕ್ಕಕ್ಕೆ ಸರಿಯಬೇಕು. ಎದುರಾಳಿ ಎಲ್ಲಿದ್ದಾನೆ ಎಂಬುದು ಆಮೇಲಿನ ವಿಚಾರ. ತರಬೇತಿಯಲ್ಲಿ ಅವರು ಚೆಂಡೇ ಇಲ್ಲದೆ ಇಡೀ ತಂಡವನ್ನು ಆಡಿಸುತ್ತಿದ್ದರು. ಚೆಂಡು ಇಂಥಲ್ಲಿದೆ ಎಂದು ಹೇಳಿದರೆ ಆಟಗಾರರೆಲ್ಲ ಅದಕ್ಕೆ ತಕ್ಕಂತೆ ಜಾಗ ಬದಲಿಸಬೇಕಿತ್ತು. ಬಲಬದಿಯಲ್ಲಿ ಮೌರೊ ತಸೊತ್ತಿ, ಮಧ್ಯದಲ್ಲಿ ಫ್ರಾಂಕೊ ಬರೇಸಿ ಮತ್ತು ಅಲೆಸಾಂಡ್ರೊ ಕೊಸ್ತಕೂರ್ತ, ಎಡಬದಿಯಲ್ಲಿ ಮಾಲ್ದಿನಿ ಇದ್ದ ಈ ಸಾಲು ಆ ಕಾಲದ ಯುರೋಪಿನ ಅತ್ಯುತ್ತಮ ರಕ್ಷಣಾ ಸಾಲು ಎನಿಸಿತು. ಕೊಸ್ತಕೂರ್ತ ಜಾಗದಲ್ಲಿ ಫಿಲಿಪ್ಪೊ ಗಾಲಿ ಆಡಿದ ದಿನಗಳೂ ಸಾಕಷ್ಟಿವೆ. 1987–88ರ ಲೀಗ್‌ನಲ್ಲಿ ಮಿಲಾನ್ 30 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 14 ಗೋಲು ಮಾತ್ರ, ಮತ್ತು ಪ್ರಶಸ್ತಿ ಅವರದಾಯಿತು. ಮರುವರ್ಷ ಯುರೋಪಿಯನ್ ಕಪ್‌ನ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಮಿಲಾನ್‌ನಲ್ಲಿ 5–0ರಿಂದ, ಬಾರ್ಸಿಲೋನಾದಲ್ಲಿ ನಡೆದ ಫೈನಲ್‌ನಲ್ಲಿ ಸ್ಟಿಯಾವಾ ಬುಕಾರೆಸ್ಟ್ ತಂಡವನ್ನು 4–0ರಿಂದ ಸೋಲಿಸಿದರು. 1990ರಲ್ಲಿ ವಿಯೆನ್ನಾದಲ್ಲಿ ಬೆನ್‌ಫಿಕಾ ವಿರುದ್ಧ 1–0ರಿಂದ ಗೆದ್ದು ಕಪ್ ಉಳಿಸಿಕೊಂಡರು. ಗುಲಿಟ್, ವಾನ್ ಬಾಸ್ಟನ್, ರೈಕಾರ್ಡ್ ಎಂಬ ಮೂವರು ಡಚ್ ಆಟಗಾರರ ಹೆಸರು ಆ ತಂಡದ ಜೊತೆ ಸದಾ ಬರುತ್ತದೆ, ಬರಬೇಕಾದದ್ದೇ. ಅವರು ಅಷ್ಟು ನಿರ್ಭಯವಾಗಿ ಮುನ್ನುಗ್ಗಲು ಸಾಧ್ಯವಾದದ್ದು ಹಿಂದಿನ ಸಾಲಿನಲ್ಲಿದ್ದ ನಂಬಿಕೆಯಿಂದ.

ಈಗ ಎಡಬದಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿಯೇ ನೀವು ಗಮನವಿಟ್ಟು ನೋಡಬೇಕಾದ ಒಂದು ಸಂಗತಿಯಿದೆ. ಮಾಲ್ದಿನಿ ಹುಟ್ಟಿನಿಂದ ಬಲಗಾಲಿನ ಆಟಗಾರ. ಬಲಗಾಲಿನವನನ್ನು ಎಡಬದಿಯಲ್ಲಿ ನಿಲ್ಲಿಸಿದರೆ ಸಾಮಾನ್ಯವಾಗಿ ಎರಡು ತೊಂದರೆಗಳು ಎದುರಾಗುತ್ತವೆ. ಗೆರೆಯುದ್ದಕ್ಕೂ ಓಡಿ ಚೆಂಡನ್ನು ಗೋಲಿನ ಮುಂದಕ್ಕೆ ಹಾಯಿಸುವಾಗ ಅವನು ನಿಂತು ಚೆಂಡನ್ನು ಬಲಗಾಲಿಗೆ ತಂದುಕೊಳ್ಳುತ್ತಾನೆ. ಅಷ್ಟರಲ್ಲಿ ಅವಕಾಶ ಕೈತಪ್ಪಿರುತ್ತದೆ. ಎದುರಾಳಿ ವಿಂಗರ್ (ಅಂಗಳದ ಅಂಚಿನಲ್ಲಿ ದಾಳಿ ಮಾಡುವ ಆಟಗಾರ) ಗೆರೆಯ ಕಡೆಗೆ ಓಡಿದಾಗ ಅವನ ಚೆಂಡನ್ನು ತೆಗೆಯಲು ಎಡಗಾಲು ಬೇಕು, ಅದು ದುರ್ಬಲವಾಗಿರುತ್ತದೆ. ಮಾಲ್ದಿನಿ ತಮ್ಮ ಎಡಗಾಲನ್ನು ಎಷ್ಟರಮಟ್ಟಿಗೆ ಪಳಗಿಸಿಕೊಂಡರೆಂದರೆ ಅವರು ಮೂಲತಃ ಎಡಗಾಲಿನವರೆಂದೇ ಅನೇಕರು ನಂಬಿದ್ದರು, ಇಂದಿಗೂ ನಂಬಿದವರಿದ್ದಾರೆ. ಆದರೆ ಇದರಿಂದ ಒಂದು ದೊಡ್ಡ ಲಾಭವೂ ಇತ್ತು. ವಿಂಗರ್ ಗೆರೆಯನ್ನು ಬಿಟ್ಟು ಒಳಕ್ಕೆ, ಅಂದರೆ ಗೋಲಿನತ್ತ, ತಿರುಗಿದ ಕ್ಷಣದಲ್ಲಿ ಅವನಿಗೆ ಎದುರಾಗುತ್ತಿದ್ದುದು ಮಾಲ್ದಿನಿಯ ಬಲವಾದ ಕಾಲು. ಎಡಗಾಲಿನ ಲೆಫ್ಟ್ ಬ್ಯಾಕ್ ಬಹುಮಟ್ಟಿಗೆ ಸೋಲುವುದು ಒಳಕ್ಕೆ ತಿರುಗುವ ಆ ತಿರುವಿನಲ್ಲಿ.

ಅವರ ಹಳೆಯ ಪಂದ್ಯವೊಂದನ್ನು ಹಾಕಿಕೊಂಡು, ಚೆಂಡನ್ನು ಮರೆತು ಹತ್ತು ನಿಮಿಷ ಅವರನ್ನಷ್ಟೇ ನೋಡಿ. ವಿಂಗರ್ ಚೆಂಡಿನೊಂದಿಗೆ ಬರುತ್ತಿರುವಾಗ ಅವರು ಎದೆಯನ್ನು ಅವನ ನೇರಕ್ಕೆ ಒಡ್ಡಿ ನಿಲ್ಲುವುದಿಲ್ಲ. ಮೈಯನ್ನು ಓರೆಯಾಗಿಟ್ಟು, ಮಂಡಿಗಳನ್ನು ಸ್ವಲ್ಪ ಬಗ್ಗಿಸಿ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು, ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಸರಿಯುತ್ತಾರೆ. ಕಣ್ಣು ಎದುರಾಳಿಯ ಭುಜದ ಮೇಲೂ ಇಲ್ಲ, ಮುಖದ ಮೇಲೂ ಇಲ್ಲ, ಚೆಂಡಿನ ಮೇಲಿದೆ. ಓರೆಯಾಗಿ ನಿಂತದ್ದರಿಂದ ಒಂದು ಬದಿ ತೆರೆದಿರುವಂತೆ ಕಾಣುತ್ತದೆ, ಮತ್ತು ಆ ತೆರೆದ ಬದಿ ಯಾವಾಗಲೂ ಗೋಲಿನಿಂದ ದೂರದ ಬದಿಯೇ ಆಗಿರುತ್ತದೆ. ವಿಂಗರ್ ತಾನೇ ಆರಿಸಿಕೊಂಡೆ ಎಂದುಕೊಂಡು ಆ ದಾರಿಯಲ್ಲಿ ನುಗ್ಗುತ್ತಾನೆ. ಅವನು ಚೆಂಡನ್ನು ಕಾಲಿನಿಂದ ಒಂದು ಅಡಿ ಹೆಚ್ಚು ದೂರಕ್ಕೆ ತಳ್ಳಿದ ಕ್ಷಣದಲ್ಲಿ ಮಾಲ್ದಿನಿ ಹೆಜ್ಜೆಯ ಗತಿ ಬದಲಿಸಿ, ಚೆಂಡು ಮತ್ತು ಅವನ ನಡುವೆ ಸೊಂಟವನ್ನು ತಂದು ನಿಲ್ಲಿಸುತ್ತಾರೆ. ಟ್ಯಾಕಲ್ ಆಗಲಿಲ್ಲ, ಯಾರೂ ಬೀಳಲಿಲ್ಲ, ಚೆಂಡು ಮಾತ್ರ ಮಿಲಾನ್‌ನದಾಯಿತು. ನಾನು ಮಕ್ಕಳಿಗೆ ರಕ್ಷಣೆಯ ಪಾಠ ಹೇಳುವಾಗ ಮೊದಲು ಬಿಡಿಸಬೇಕಾದ ಅಭ್ಯಾಸ ಎಂದರೆ ಚೆಂಡು ಕಂಡೊಡನೆ ಕಾಲು ಚಾಚುವುದು. ಹತ್ತು ಸಲ ಹೇಳಿದರೂ ಬಿಡದ ಹುಡುಗರು ಮಾಲ್ದಿನಿಯ ಈ ಹಿಂದಡಿಯನ್ನು ಪರದೆಯ ಮೇಲೆ ನಿಧಾನಗತಿಯಲ್ಲಿ ತೋರಿಸಿದಾಗ ಸುಮ್ಮನೆ ಕೂತು ನೋಡುತ್ತಾರೆ.

ಟ್ಯಾಕಲ್ ಮಾಡಬೇಕಾಗಿ ಬಂತೆಂದರೆ ಅದಕ್ಕೂ ಮೊದಲೇ ತಪ್ಪು ನಡೆದಿದೆ ಎಂಬರ್ಥದ ಒಂದು ಮಾತು ಅವರ ಹೆಸರಿನಲ್ಲಿ ಎಲ್ಲೆಡೆ ಹರಿದಾಡುತ್ತದೆ. ಅದರೊಂದಿಗೆ, ಅವರು ಎರಡು ಪಂದ್ಯಕ್ಕೆ ಸುಮಾರು ಒಂದೇ ಟ್ಯಾಕಲ್ ಮಾಡುತ್ತಿದ್ದರು ಎಂಬ ಅಂಕಿಯೂ ಬರುತ್ತದೆ. ಆ ಅಂಕಿಯನ್ನು ನೀವು ನಂಬಬೇಡಿ. ಪ್ರತಿ ಸ್ಪರ್ಶವನ್ನೂ ಎಣಿಸಿ ದಾಖಲಿಸುವ ವ್ಯವಸ್ಥೆ ಈಗಿನಂತೆ ಬೆಳೆದದ್ದು ಅವರ ವೃತ್ತಿಜೀವನದ ಕೊನೆಯ ಭಾಗದಲ್ಲಿ. 1980ರ ಮತ್ತು 90ರ ದಶಕದ ನೂರಾರು ಪಂದ್ಯಗಳಿಗೆ ಅಂಥ ಎಣಿಕೆಯ ಆಧಾರವಿಲ್ಲ. ಅಷ್ಟೇ ಅಲ್ಲ, ಯೌವನದ ಮಾಲ್ದಿನಿ ನೆಲಕ್ಕೆ ಜಾರಿ ಚೆಂಡು ತೆಗೆಯುವುದರಲ್ಲಿ ಅಪ್ರತಿಮರಾಗಿದ್ದರು. ಹಿಂದಿನಿಂದ ಓಡಿ ಬಂದು, ಉದ್ದನೆಯ ಕಾಲು ಚಾಚಿ, ಎದುರಾಳಿಯನ್ನು ಮುಟ್ಟದೆ ಚೆಂಡನ್ನಷ್ಟೇ ಕಿತ್ತುಕೊಂಡು, ಅದೇ ಓಟದಲ್ಲಿ ಎದ್ದು ಮುಂದೆ ಹೋಗುತ್ತಿದ್ದುದನ್ನು ನೋಡಿದವರು ಮರೆಯಲಾರರು. ಆ ಮಾತಿನ ಸತ್ವ ಟ್ಯಾಕಲ್‌ನ ಎಣಿಕೆಯಲ್ಲಿಲ್ಲ, ಕ್ರಮದಲ್ಲಿದೆ. ಮೊದಲು ನಿಲ್ಲುವ ಜಾಗ, ಆಮೇಲೆ ಮೈಯ ಕೋನ, ಆಮೇಲೆ ಕಾಯುವಿಕೆ, ಇವೆಲ್ಲ ಕೈಕೊಟ್ಟಾಗ ಮಾತ್ರ ನೆಲಕ್ಕೆ ಜಾರುವುದು. ಟ್ಯಾಕಲ್ ಅವರ ಬತ್ತಳಿಕೆಯಲ್ಲಿ ಸದಾ ಇತ್ತು. ಅದನ್ನು ಅವರು ಕೊನೆಯಲ್ಲಿ ತೆಗೆಯುತ್ತಿದ್ದರು.

ಸಾಕಿ ನಂತರ 1991ರಲ್ಲಿ ಫಾಬಿಯೊ ಕಪೆಲೊ ಬಂದರು. 1991ರ ಮೇ ತಿಂಗಳಿಂದ 1993ರ ಮಾರ್ಚ್‌ವರೆಗೆ ಮಿಲಾನ್ ಲೀಗ್‌ನಲ್ಲಿ ಸತತ 58 ಪಂದ್ಯಗಳಲ್ಲಿ ಸೋಲಲಿಲ್ಲ. ಆ ಓಟವನ್ನು ನಿಲ್ಲಿಸಿದ್ದು ಪಾರ್ಮ ತಂಡದ ಒಂದೇ ಗೋಲು. 1993–94ರಲ್ಲಿ 34 ಪಂದ್ಯಗಳಿಂದ ಕೇವಲ 36 ಗೋಲು ಹೊಡೆದ ಮಿಲಾನ್ ಚಾಂಪಿಯನ್ ಆಯಿತು ಎಂದರೆ ಇಂದಿನ ಓದುಗರಿಗೆ ವಿಚಿತ್ರವೆನಿಸಬಹುದು. ಅವರು ಬಿಟ್ಟುಕೊಟ್ಟದ್ದು 15 ಗೋಲು. ಅದೇ ಋತುವಿನಲ್ಲಿ ಗೋಲ್‌ಕೀಪರ್ ಸೆಬಾಸ್ತಿಯಾನೊ ರೊಸ್ಸಿ ಸತತ 929 ನಿಮಿಷ ಗೋಲು ಬಿಡದೆ ಆಡಿದರು.

1994ರ ಮೇ 18ರಂದು ಅಥೆನ್ಸ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನಿಮ್ಮ ಎರಡನೆಯ ಪ್ರಶ್ನೆಗೆ ಒಳ್ಳೆಯ ಉತ್ತರ. ಎದುರಾಳಿ ಯೊಹಾನ್ ಕ್ರೈಫ್ ಕೋಚ್ ಆಗಿದ್ದ ಬಾರ್ಸಿಲೋನಾ. ಮುಂದೆ ರೊಮಾರಿಯೊ ಮತ್ತು ಸ್ಟೊಯಿಚ್ಕೊವ್. ಮಿಲಾನ್‌ನ ಮಧ್ಯದ ಇಬ್ಬರು ಡಿಫೆಂಡರ್‌ಗಳಾದ ಬರೇಸಿ ಮತ್ತು ಕೊಸ್ತಕೂರ್ತ ಇಬ್ಬರೂ ನಿಷೇಧದ ಕಾರಣ ಹೊರಗಿದ್ದರು. ಗೆಲ್ಲುವುದು ಬಾರ್ಸಿಲೋನಾ ಎಂದೇ ಹೆಚ್ಚಿನವರು ಎಣಿಸಿದ್ದರು. ಕಪೆಲೊ ಎಡಬದಿಗೆ ತರುಣ ಪನುಚ್ಚಿಯನ್ನು ಹಾಕಿ, ಮಾಲ್ದಿನಿಯನ್ನು ಫಿಲಿಪ್ಪೊ ಗಾಲಿಯ ಜೊತೆಗೆ ಮಧ್ಯಕ್ಕೆ ತಂದರು. ಮಿಲಾನ್ 4–0ರಿಂದ ಗೆದ್ದಿತು. ಎರಡು ತಿಂಗಳ ಒಳಗೆ, ಜುಲೈ 17ರಂದು, ಅಮೆರಿಕದ ಪಸಡೀನಾದಲ್ಲಿ ವಿಶ್ವಕಪ್ ಫೈನಲ್. ಈಗ ಎದುರಿಗೆ ಬ್ರೆಜಿಲ್, ಮುಂದೆ ಮತ್ತೆ ಅದೇ ರೊಮಾರಿಯೊ, ಜೊತೆಗೆ ಬೆಬೆಟೊ. ಕೊಸ್ತಕೂರ್ತ ಈ ಸಲವೂ ನಿಷೇಧದಲ್ಲಿದ್ದರು. ಬರೇಸಿ ಅದೇ ಟೂರ್ನಿಯಲ್ಲಿ ನಾರ್ವೆ ವಿರುದ್ಧ ಮಂಡಿಗೆ ಪೆಟ್ಟು ಮಾಡಿಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ನಾಲ್ಕು ವಾರವೂ ತುಂಬುವ ಮುನ್ನ ಫೈನಲ್‌ಗೆ ಮರಳಿದ್ದರು. ಅವರ ಪಕ್ಕದಲ್ಲಿ ಮಧ್ಯದಲ್ಲಿ ನಿಂತವರು ಮಾಲ್ದಿನಿ. 120 ನಿಮಿಷಗಳಲ್ಲಿ ಬ್ರೆಜಿಲ್‌ಗೆ ಗೋಲು ಸಿಗಲಿಲ್ಲ. ಹೀಗೆ ಆ ಬೇಸಿಗೆಯಲ್ಲಿ ಜಗತ್ತಿನ ಅತ್ಯಂತ ಅಪಾಯಕಾರಿ ಸ್ಟ್ರೈಕರ್ ಎನಿಸಿದ್ದ ರೊಮಾರಿಯೊ, ತಮ್ಮ ಜಾಗವಲ್ಲದ ಜಾಗದಲ್ಲಿ ನಿಂತಿದ್ದ ಮಾಲ್ದಿನಿಯ ಎದುರು ಎರಡು ಫೈನಲ್‌ಗಳಲ್ಲಿ ಆಡಿ, ಪೆನಾಲ್ಟಿ ಶೂಟೌಟ್ ಬಿಟ್ಟರೆ ಒಮ್ಮೆಯೂ ಗೋಲು ಹೊಡೆಯಲಿಲ್ಲ. ಶೂಟೌಟ್‌ನಲ್ಲಿ ಇಟಲಿ ಸೋತಿತು. ಆ ವರ್ಷ ‘ವರ್ಲ್ಡ್ ಸಾಕರ್’ ಪತ್ರಿಕೆ ಅವರನ್ನು ವರ್ಷದ ಆಟಗಾರನೆಂದು ಆರಿಸಿತು. ಡಿಫೆಂಡರ್ ಒಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಅವರ ಮೊದಲ ಜಾಗ ಎಡಬದಿ, ಆದರೆ ದೊಡ್ಡ ಪರೀಕ್ಷೆಗಳಲ್ಲಿ ಅನೇಕವನ್ನು ಅವರು ಎದುರಿಸಿದ್ದು ಮಧ್ಯದಲ್ಲಿ, ಮತ್ತು ಕೊನೆಯ ದಶಕದಲ್ಲಿ ಅವರು ಹೆಚ್ಚಾಗಿ ಮಧ್ಯದವರೇ.

ಇದರ ನಡುವೆ ಆಟದ ನಿಯಮಗಳೇ ಬದಲಾಗುತ್ತಿದ್ದವು ಎಂಬುದನ್ನು ಹೊಸ ವೀಕ್ಷಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. 1990ರಲ್ಲಿ, ಚೆಂಡು ಕೊಡುವ ಕ್ಷಣದಲ್ಲಿ ದಾಳಿಗಾರ ಡಿಫೆಂಡರ್‌ಗಳನ್ನು ದಾಟಿ ನಿಂತಿರಬಾರದೆಂಬ ಆಫ್‌ಸೈಡ್ ನಿಯಮ ತಿದ್ದುಪಡಿಯಾಗಿ, ಡಿಫೆಂಡರ್‌ನ ಸಮಕ್ಕೆ ನಿಂತಿರುವ ದಾಳಿಗಾರ ಆಫ್‌ಸೈಡ್ ಅಲ್ಲವೆಂದಾಯಿತು. ಸಾಲಾಗಿ ಮುಂದೆ ಸರಿದು ಎದುರಾಳಿಯನ್ನು ಬಲೆಗೆ ಬೀಳಿಸುವುದು ಅಲ್ಲಿಂದ ಕಷ್ಟವಾಯಿತು. 1992ರಲ್ಲಿ, ಜೊತೆಯಾಟಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಬಂತು. ಒತ್ತಡ ಬಂದಾಗ ಚೆಂಡನ್ನು ಕೀಪರ್‌ಗೆ ತಳ್ಳಿ ಉಸಿರು ಬಿಡುತ್ತಿದ್ದ ಡಿಫೆಂಡರ್‌ಗಳು ಚೆಂಡಿನೊಂದಿಗೆ ಆಡುವುದನ್ನು ಕಲಿಯಲೇಬೇಕಾಯಿತು. 1998ರ ವಿಶ್ವಕಪ್ ಹೊತ್ತಿಗೆ ಹಿಂದಿನಿಂದ ಅಪಾಯಕಾರಿಯಾಗಿ ಟ್ಯಾಕಲ್ ಮಾಡಿದವರಿಗೆ ಕೆಂಪು ಕಾರ್ಡ್ ತೋರಿಸಬೇಕೆಂಬ ಕಟ್ಟುನಿಟ್ಟಿನ ಸೂಚನೆ ರೆಫರಿಗಳಿಗೆ ಹೋಯಿತು. ಈ ಒಂದೊಂದು ತಿದ್ದುಪಡಿಯೂ ಕೆಲವು ಒಳ್ಳೆಯ ಡಿಫೆಂಡರ್‌ಗಳನ್ನು ಹಳಬರನ್ನಾಗಿಸಿತು. ಮಾಲ್ದಿನಿಗೆ ಯಾವುದೂ ತೊಡಕಾಗಲಿಲ್ಲ, ಏಕೆಂದರೆ ಅವರ ಆಟ ಆಫ್‌ಸೈಡ್ ಬಾವುಟವನ್ನಾಗಲಿ, ಕೀಪರ್‌ನ ಕೈಗಳನ್ನಾಗಲಿ, ಹಿಂದಿನಿಂದ ಕಾಲು ಹೊಡೆಯುವುದನ್ನಾಗಲಿ ನೆಚ್ಚಿಕೊಂಡಿರಲಿಲ್ಲ.

ಇಟಲಿ ತಂಡದ ವಿಷಯದಲ್ಲಿ ನಿಮ್ಮ ಆಕ್ಷೇಪ ವಾಸ್ತವವಾದದ್ದು, ಅದಕ್ಕೆ ಸಮಾಧಾನ ಹೇಳಿ ಜಾರಿಕೊಳ್ಳಲು ನನಗೆ ಇಷ್ಟವಿಲ್ಲ. 1988ರ ಮಾರ್ಚ್ 31ರಂದು ಸ್ಪ್ಲಿಟ್ ನಗರದಲ್ಲಿ ಯುಗೊಸ್ಲಾವಿಯಾ ವಿರುದ್ಧ ಆರಂಭಿಸಿ 2002ರವರೆಗೆ ಅವರು 126 ಪಂದ್ಯಗಳನ್ನಾಡಿದರು, 7 ಗೋಲು ಹೊಡೆದರು, 74 ಪಂದ್ಯಗಳಲ್ಲಿ ನಾಯಕರಾಗಿದ್ದರು. ನಾಲ್ಕು ವಿಶ್ವಕಪ್‌ಗಳಲ್ಲಿ ಆಡಿದ 23 ಪಂದ್ಯಗಳಲ್ಲಿ 2,200 ನಿಮಿಷಗಳಿಗೂ ಹೆಚ್ಚು ಕಾಲ ಅಂಗಳದಲ್ಲಿದ್ದರು. 2022ರಲ್ಲಿ ಲಯೊನೆಲ್ ಮೆಸ್ಸಿ ಮುರಿಯುವವರೆಗೆ ಅದು ದಾಖಲೆಯಾಗಿತ್ತು. ಕಪ್ ಮಾತ್ರ ಬರಲಿಲ್ಲ. ಆದರೆ ಹೇಗೆ ಬರಲಿಲ್ಲ ಎಂಬುದನ್ನು ಒಂದೊಂದಾಗಿ ನೋಡಿ. 1990ರಲ್ಲಿ ಸ್ವದೇಶದಲ್ಲಿ ನಡೆದ ವಿಶ್ವಕಪ್‌ನಲ್ಲಿ ಇಟಲಿಯ ಕೀಪರ್ ವಾಲ್ಟರ್ ಜೆಂಗಾ 517 ನಿಮಿಷ ಗೋಲು ಬಿಡಲಿಲ್ಲ. ನೇಪಲ್ಸ್‌ನಲ್ಲಿ ಅರ್ಜೆಂಟೀನಾದ ಕನೀಜಿಯಾ ಹೊಡೆದ ಒಂದು ಗೋಲಿನಿಂದ ಸೆಮಿಫೈನಲ್ ಸಮವಾಗಿ ಶೂಟೌಟ್‌ನಲ್ಲಿ ಸೋತರು. 1994ರಲ್ಲಿ ಶೂಟೌಟ್. 1998ರಲ್ಲಿ ತಂದೆ ಚೆಸಾರೆ ಕೋಚ್, ಮಗ ನಾಯಕ. ಐದು ಪಂದ್ಯಗಳಲ್ಲಿ ಮೂರೇ ಗೋಲು ಬಿಟ್ಟುಕೊಟ್ಟ ತಂಡ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್‌ಗೆ ಮತ್ತೆ ಶೂಟೌಟ್‌ನಲ್ಲಿ ಸೋತಿತು. 2000ದ ಯುರೊ ಕಪ್ ಫೈನಲ್‌ನಲ್ಲಿ ರಾಟರ್‌ಡ್ಯಾಮ್‌ನಲ್ಲಿ ಇಟಲಿ 1–0ರಿಂದ ಮುಂದಿತ್ತು. 90 ನಿಮಿಷ ಮುಗಿದು ಹೆಚ್ಚುವರಿಯಾಗಿ ಸೇರಿಸಿದ ಕೊನೆಯ ಗಳಿಗೆಯಲ್ಲಿ ಫ್ರಾನ್ಸ್‌ನ ವಿಲ್ಟೋರ್ ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ತ್ರೆಜೆಗೆ ಗೋಲ್ಡನ್ ಗೋಲು, ಅಂದರೆ ಬಿದ್ದೊಡನೆ ಪಂದ್ಯ ಮುಗಿಸುವ ಗೋಲು, ಹೊಡೆದರು. ಮೂರು ವಿಶ್ವಕಪ್‌ಗಳಿಂದ ಅವರನ್ನು ಹೊರಹಾಕಿದ್ದು ಹನ್ನೆರಡು ಗಜದ ಪೆನಾಲ್ಟಿ ಹೊಡೆತಗಳು. ಚೆಂಡು ಆಟದಲ್ಲಿರುವಾಗ ಅವರ ರಕ್ಷಣಾ ಸಾಲು ಆ ಮೂರರ ನಾಕೌಟ್ ಹಂತದಲ್ಲಿ ಸೋಲಲಿಲ್ಲ.

2002ರ ಕಥೆ ಬೇರೆ. ಜೂನ್ 18ರಂದು ಡೇಜಾನ್ ನಗರದಲ್ಲಿ ದಕ್ಷಿಣ ಕೊರಿಯಾ ವಿರುದ್ಧದ ಪಂದ್ಯದ ಹೆಚ್ಚುವರಿ ಅವಧಿ ಇನ್ನೇನು ಮುಗಿಯುತ್ತಿತ್ತು. ಎಡಬದಿಯಿಂದ ಲೀ ಯಂಗ್ ಪ್ಯೊ ಕಳಿಸಿದ ಚೆಂಡು ಎತ್ತರವಾಗಿ ಬಂತು. ಆನ್ ಜಂಗ್ ಹ್ವಾನ್ ಮಾಲ್ದಿನಿಗಿಂತ ಮೊದಲೇ ನೆಗೆದು ತಲೆ ಕೊಟ್ಟರು, ಗೋಲ್ಡನ್ ಗೋಲು, ಇಟಲಿ ಹೊರಗೆ. ಆ ಪಂದ್ಯದ ರೆಫರಿಯ ಬಗ್ಗೆ ಇಟಲಿಯವರು ಇಂದಿಗೂ ಕಹಿಯಾಗಿ ಮಾತಾಡುತ್ತಾರೆ, ಅದಕ್ಕೆ ಕಾರಣಗಳೂ ಇವೆ. ಆದರೆ ಆ ಚೆಂಡಿನ ಮಟ್ಟಿಗೆ ಹೇಳುವುದಾದರೆ, ಮಾಲ್ದಿನಿ ಅದರ ಹಾದಿಯನ್ನು ತಡವಾಗಿ ಓದಿದರು. ಅಂತರರಾಷ್ಟ್ರೀಯ ಫುಟ್‌ಬಾಲಿನಲ್ಲಿ ಅದು ಅವರ ಕೊನೆಯ ಪಂದ್ಯ. ನಾಲ್ಕು ವರ್ಷಗಳ ನಂತರ ಫಾಬಿಯೊ ಕನ್ನವಾರೊ ನಾಯಕತ್ವದಲ್ಲಿ ಇಟಲಿ ವಿಶ್ವಕಪ್ ಗೆದ್ದಿತು, ಮತ್ತು ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ, ಡಿಫೆಂಡರ್‌ಗಳಿಗೆ ಅಪರೂಪವಾದ ಬ್ಯಾಲನ್ ಡಿ ಓರ್ ಪ್ರಶಸ್ತಿ ಕನ್ನವಾರೊಗೆ ಸಿಕ್ಕಿತು. ಮಾಲ್ದಿನಿ 1994 ಮತ್ತು 2003ರಲ್ಲಿ ಮೂರನೆಯ ಸ್ಥಾನದಲ್ಲಿ ನಿಂತವರು. ಒಂದು ಬೇಸಿಗೆಯ ಸಾಧನೆಗೆ ಕನ್ನವಾರೊಗೆ ಸಂದ ಗೌರವ ಸರಿಯಾದದ್ದೇ. ಆದರೆ ಇಡೀ ವೃತ್ತಿಜೀವನವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಾನು ಮಾಲ್ದಿನಿಯನ್ನೇ ಮುಂದಿಡುತ್ತೇನೆ.

ಕ್ಲಬ್ಬಿನಲ್ಲಿಯೂ ಎಲ್ಲ ವರ್ಷಗಳು ಸುಗಮವಾಗಿರಲಿಲ್ಲ. 1996–97ರಲ್ಲಿ ಮಿಲಾನ್ 11ನೆಯ ಸ್ಥಾನಕ್ಕೆ ಕುಸಿಯಿತು. ಬರೇಸಿ ನಿವೃತ್ತರಾಗಿ ಮಾಲ್ದಿನಿ ನಾಯಕರಾದ ಮೊದಲ ಋತುವಿನಲ್ಲಿ 10ನೆಯ ಸ್ಥಾನ. ಅವರು ಬೇರೆಡೆಗೆ ಹೋಗಲಿಲ್ಲ. 1998–99ರಲ್ಲಿ ಆಲ್ಬೆರ್ತೊ ಜಕೆರೋನಿ ಮೂವರು ಡಿಫೆಂಡರ್‌ಗಳ ಪದ್ಧತಿ ತಂದಾಗ ಅದಕ್ಕೂ ಒಗ್ಗಿಕೊಂಡು ಲೀಗ್ ಗೆದ್ದರು. ಕಾರ್ಲೊ ಅಂಚೆಲೋತ್ತಿ ಕಾಲದಲ್ಲಿ, 2002ರಲ್ಲಿ ಅಲೆಸಾಂಡ್ರೊ ನೆಸ್ತಾ ಬಂದ ಮೇಲೆ, ಇಬ್ಬರೂ ಮಧ್ಯದಲ್ಲಿ ಜೋಡಿಯಾದರು. 2003ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಅನ್ನು ಯುವೆಂಟಸ್ ವಿರುದ್ಧ ಶೂಟೌಟ್‌ನಲ್ಲಿ ಗೆದ್ದು ಅವರು ಕಪ್ ಎತ್ತಿದಾಗ, ತಂದೆ ಅದೇ ಇಂಗ್ಲೆಂಡಿನ ನೆಲದಲ್ಲಿ ಕಪ್ ಎತ್ತಿ 40 ವರ್ಷಗಳಾಗಿದ್ದವು.

2005ರಲ್ಲಿ ಇಸ್ತಾಂಬುಲ್‌ನಲ್ಲಿ ಲಿವರ್‌ಪೂಲ್ ವಿರುದ್ಧದ ಫೈನಲ್ ಆರಂಭವಾಗಿ ಒಂದು ನಿಮಿಷವೂ ತುಂಬಿರಲಿಲ್ಲ. ಬಲಬದಿಯಿಂದ ಪಿರ್ಲೊ ಹೊಡೆದ ಫ್ರೀಕಿಕ್‌ಗೆ ಬಲಗಾಲು ಕೊಟ್ಟು, ಚೆಂಡು ನೆಲ ಮುಟ್ಟಿ ಏಳುತ್ತಿರುವಾಗಲೇ ಮಾಲ್ದಿನಿ ಗೋಲು ಹೊಡೆದರು. ಆಗ ಅವರಿಗೆ 36 ವರ್ಷ; ಚಾಂಪಿಯನ್ಸ್ ಲೀಗ್ ಫೈನಲ್‌ಗಳಲ್ಲಿ ಅಷ್ಟು ಬೇಗ ಬಂದ ಗೋಲು ಇನ್ನೊಂದಿಲ್ಲ. ವಿರಾಮಕ್ಕೆ 3–0 ಮುಂದಿದ್ದ ಮಿಲಾನ್, ಎರಡನೆಯ ಅವಧಿಯ ಆರೇ ನಿಮಿಷಗಳಲ್ಲಿ ಮೂರು ಗೋಲು ಬಿಟ್ಟುಕೊಟ್ಟು, ಶೂಟೌಟ್‌ನಲ್ಲಿ ಸೋತಿತು. ಎರಡು ವರ್ಷಗಳ ನಂತರ ಅಥೆನ್ಸ್‌ನಲ್ಲಿ ಅದೇ ಲಿವರ್‌ಪೂಲ್ ತಂಡವನ್ನು 2–1ರಿಂದ ಸೋಲಿಸಿ 38ರ ಹರೆಯದಲ್ಲಿ ಐದನೆಯ ಬಾರಿ ಯುರೋಪಿನ ಕಪ್ ಗೆದ್ದರು. ಮಂಡಿ ನೋವಿನೊಂದಿಗೆ ಆಡುತ್ತಿದ್ದ ಆ ದಿನಗಳಲ್ಲಿ ಓಟದ ವೇಗ ಬಹಳಷ್ಟು ಹೋಗಿತ್ತು. ಆದರೂ ಆ ಋತುವಿನ ಯುರೋಪಿನ ಉತ್ತಮ ಕ್ಲಬ್ ಡಿಫೆಂಡರ್ ಎಂದು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಅವರನ್ನೇ ಆರಿಸಿತು. ವೇಗ ಹೋದ ಮೇಲೆ ಡಿಫೆಂಡರ್‌ನ ಬಳಿ ಉಳಿಯುವುದು ಮೊದಲೇ ಯೋಚಿಸಿ ನಿಂತ ಜಾಗ ಒಂದೇ. ಹಾಗಾಗಿ, ಅವರ ಆಟದ ಒಳಗುಟ್ಟನ್ನು ಅರಿಯಬೇಕೆಂದಿದ್ದರೆ 1989ರ ಮಾಲ್ದಿನಿಗಿಂತ 2007ರ ಮಾಲ್ದಿನಿಯನ್ನು ಮೊದಲು ನೋಡಿ ಎಂದು ನಾನು ಸಲಹೆ ಕೊಡುತ್ತೇನೆ.

ಒಟ್ಟು ಏಳು ಲೀಗ್ ಪ್ರಶಸ್ತಿ, ಎಂಟು ಯುರೋಪಿಯನ್ ಕಪ್ ಫೈನಲ್‌ಗಳಲ್ಲಿ ಐದು ಗೆಲುವು, ಇಟಲಿಯ ಸೆರಿ ಎ ಲೀಗ್‌ನಲ್ಲಿ 647 ಪಂದ್ಯ. ಹೀಗಿದ್ದೂ 2009ರ ಮೇ 24ರಂದು ತವರಿನ ಸಾನ್ ಸಿರೊ ಅಂಗಳದಲ್ಲಿ ರೋಮಾ ವಿರುದ್ಧ ಕೊನೆಯ ಪಂದ್ಯ ಆಡಿ ಅವರು ಸುತ್ತು ಬರುತ್ತಿದ್ದಾಗ, ಮಿಲಾನ್‌ನ ಕಟ್ಟಾ ಅಭಿಮಾನಿಗಳ ಒಂದು ಗುಂಪು ಶಿಳ್ಳೆ ಹೊಡೆದು ಅವಮಾನಿಸಿತು. ಹಳೆಯ ಮನಸ್ತಾಪಗಳನ್ನು ಅವರು ಆ ದಿನಕ್ಕೆ ಕಾದಿಟ್ಟಿದ್ದರು. ನನಗೆ ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ವಾರದ ನಂತರ ಫ್ಲಾರೆನ್ಸ್‌ನಲ್ಲಿ ಅವರ ವೃತ್ತಿಜೀವನದ ಕಡೆಯ ಪಂದ್ಯ ನಡೆಯಿತು, ಅಲ್ಲಿ ಎದುರಾಳಿ ತಂಡದ ಅಭಿಮಾನಿಗಳು ಎದ್ದುನಿಂತು ಚಪ್ಪಾಳೆ ತಟ್ಟಿದರು.

ಅವರು ತೊಡುತ್ತಿದ್ದ 3ನೆಯ ಸಂಖ್ಯೆಯ ಅಂಗಿಯನ್ನು ಮಿಲಾನ್ ಅನಂತರ ಯಾರಿಗೂ ಕೊಟ್ಟಿಲ್ಲ. ಅವರ ಮಕ್ಕಳು ಹಿರಿಯರ ತಂಡಕ್ಕೆ ಬಂದರೆ ಮಾತ್ರ ತೊಡಬಹುದೆಂದು ಕ್ಲಬ್ ಹೇಳಿತ್ತು. ಮಗ ಡೇನಿಯಲ್ 2020ರಲ್ಲಿ ಬಂದರು, ಆದರೆ ತೊಟ್ಟದ್ದು ಬೇರೆ ಸಂಖ್ಯೆ. ಅವರು ಡಿಫೆಂಡರ್ ಅಲ್ಲ, ಮುಂದೆ ಆಡುವವರು. 2024ರ ಅಕ್ಟೋಬರ್ 14ರಂದು ಇಸ್ರೇಲ್ ವಿರುದ್ಧದ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದು ಡೇನಿಯಲ್ ಇಟಲಿಯ ಅಂಗಿ ತೊಟ್ಟ ಮೂರನೆಯ ತಲೆಮಾರಿನ ಮಾಲ್ದಿನಿ ಆದರು. ಪಂದ್ಯ ನಡೆದದ್ದು ಉದಿನೆಯಲ್ಲಿ, 1985ರ ಜನವರಿಯಲ್ಲಿ ಅವರ ತಂದೆಯೂ ಬದಲಿ ಆಟಗಾರನಾಗಿಯೇ ಮೊದಲ ಹೆಜ್ಜೆ ಇಟ್ಟ ಊರಿನಲ್ಲಿ.